ಗುಡುಗವ್ವನ ಗೆಜ್ಜೆ ನಿಂತ ದಿನ

ಫೆಬ್ರವರಿ ಮೂವತ್ತು, ಎರಡು ಸಾವಿರದ ನಾನೂರ ಹತ್ತೊಂಬತ್ತು
ಒಡ್ಡಿನಕೇರಿ, ಕೃಷ್ಣೆಯ ತೆಂಕಣ ದಂಡೆ

ನನಗಿಂತ ಮೊದಲು ಹುಟ್ಟಿ ಮೊದಲೇ ಮಣ್ಣಾದ ಹಿರಿಯರಿಗೆ ಒಡ್ಡಿನಕೇರಿಯ ಬಾಳವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇರಲಿಲ್ಲವಂತೆ. ನಮ್ಮಲ್ಲಿ ಮಳೆ ಎಷ್ಟು ಹೊಯ್ಯುತ್ತದೆಂದರೆ ಇದ್ದ ದಿನಗಳು ಅದಕ್ಕೆ ಸಾಲದೆ ಫೆಬ್ರವರಿಗೂ ಒಂದಿಷ್ಟು ಸೇರಿಸಿದರು ಎಂದು ನಗೆಯಾಡುತ್ತಾರೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮಾತು ಒರಟಾಗಿ ಕಂಡರೆ ಮಾತ್ರ ಮನ್ನಿಸಬೇಡಿ, ಬೇಕೆಂದೇ ಹಾಗೆ ಬರೆದಿದ್ದೇನೆ. ನಮ್ಮಲ್ಲೊಂದು ಹಾಳುಬಾವಿ ಇದೆ, ಹಿಂದಲ ಬಾವಿ ಅನ್ನುತ್ತೇವೆ. ಹಿರಿಯರಿಗೆ ಹೇಳುವ ಮಾತಿದ್ದವರು ಬರೆದು ಅದರೊಳಗೆ ಹಾಕುತ್ತಾರೆ, ಅದು ನಿಮ್ಮ ಕಾಲಕ್ಕೇ ಹೋಗಿ ಮುಟ್ಟುತ್ತದೆ ಎಂಬ ನಂಬಿಕೆ. ಕಾಗದ ನೀರಿಗೆ ಕರಗುತ್ತದೆ ಎಂದು ನಿಮ್ಮದೇ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿದ್ದೇನೆ. ನೀವು ಬಿಟ್ಟುಹೋದ ವಸ್ತುಗಳಲ್ಲಿ ಸಾಯದೆ ಉಳಿದದ್ದು ಅದೊಂದೇ.

ಅದೊಂದೇ ಎಂದದ್ದು ತಪ್ಪು. ನಿಮ್ಮ ಒಂದು ಮಾತೂ ಸಾಯದೆ ಉಳಿದಿದೆ, ಅದಕ್ಕೇ ಈ ಪತ್ರ.

ನಮ್ಮ ಕೇರಿ ಹೊಳೆಗಿಂತ ತಗ್ಗಿನಲ್ಲಿದೆ. ಸುತ್ತ ಮಣ್ಣಿನ ಒಡ್ಡು, ಒಡ್ಡಿನ ಆಚೆ ನಮ್ಮ ಮನೆಯ ಮಾಳಿಗೆಗಿಂತ ಎತ್ತರದಲ್ಲಿ ನೀರು. ಒಡ್ಡು ಎಷ್ಟೇ ಗಟ್ಟಿಯಿದ್ದರೂ ತಳದಿಂದ ನೀರು ಜಿನುಗುತ್ತಲೇ ಇರುತ್ತದೆ. ಅದನ್ನು ಎತ್ತಿ ಹೊರಗೆ ಹಾಕುವುದು ಗುಡುಗವ್ವ. ಗುಡುಗವ್ವ ಎಂದರೆ ಇಂಜಿನ್. ನಿಮ್ಮ ಕಾಲದಲ್ಲಿ ಯಾವುದೋ ಜೀಪಿನ ಹೊಟ್ಟೆಯಲ್ಲಿ ಇದ್ದಳಂತೆ, ಈಗ ಕಬ್ಬಿನ ಸಾರಾಯಿ ಕುಡಿದು ಪಂಪ್ ತಿರುಗಿಸುತ್ತಾಳೆ. ಮಳೆ ಹಿಡಿದಾಗ ಚಾಲೂ ಮಾಡಿದರೆ ಮಳೆ ಬಿಡುವ ತನಕ ನಿಲ್ಲಿಸುವಂತಿಲ್ಲ. ಒಂದು ಹಗಲು ನಿಂತರೆ ಒಲೆಯೊಳಗೆ ಮೀನು ಆಡುತ್ತವೆ. ಆಚೆ ದಂಡೆಯ ಮೇಲಿನಕೇರಿಯವರಿಗೂ ಇದೇ ಪಾಡು. ಆದ್ದರಿಂದ ಹೊಳೆ ತುಂಬಿದಾಗ ಅವರು ಬಂದು ನಮ್ಮ ಒಡ್ಡು ಒಡೆಯುತ್ತಾರೆ, ನಾವು ಹೋಗಿ ಅವರ ಒಡ್ಡು ಒಡೆಯುತ್ತೇವೆ. ಒಂದು ಕಡೆ ಮುಳುಗಿದರೆ ಇನ್ನೊಂದು ಕಡೆ ಉಳಿಯುತ್ತದೆ. ನನ್ನ ಗಂಡ ಹಾಗೆ ಒಡೆಯಲು ಹೋದವನು ಅವರ ಗುದ್ದಲಿ ಕುತ್ತಿಗೆಗೆ ಸಿಕ್ಕಿಕೊಂಡು ತೇಲಿ ಬಂದ. ನಾವು ಅವರ ಇಬ್ಬರನ್ನು ಕಡಿದು ನಮ್ಮ ಒಡ್ಡಿನ ಬಿರುಕಿಗೆ ತುಂಬಿದೆವು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿಲ್ಲ, ಇಲ್ಲಿ ಹೀಗೇ ನಡೆದುಕೊಂಡು ಬಂದಿದೆ.

ಇನ್ನು ನನ್ನ ಬಲಗೈ. ಗುಡುಗವ್ವನನ್ನು ಚಾಲೂ ಮಾಡಲು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ತಿರುಗಿಸಿದವರನ್ನು ಅವಳು ಒದೆಯುತ್ತಾಳೆ. ಹ್ಯಾಂಡಲ್ ರಪ್ಪೆಂದು ಹಿಂದಕ್ಕೆ ತಿರುಗಿ ಮಣಿಕಟ್ಟು ಮುರಿಯುತ್ತದೆ, ಒಮ್ಮೊಮ್ಮೆ ಮೊಣಕೈ. ಹೋದ ವರ್ಷ ಒಬ್ಬ ಹುಡುಗಿಯ ದವಡೆಯನ್ನೇ ಕಿತ್ತಿತು, ಸಂಜೆಯ ಹೊತ್ತಿಗೆ ಅವಳು ಸತ್ತಳು. ಇದಕ್ಕೆ ನಾವು ಕೈ ಕೊಡುವುದು ಎನ್ನುತ್ತೇವೆ. ಮನೆಯ ಸರದಿಯಂತೆ ಒಬ್ಬರು ಕೈ ಕೊಡಬೇಕು. ಕೊಟ್ಟವರಿಗೆ ಮುರಿಗೈ ಎಂಬ ಹೆಸರು, ಊಟದಲ್ಲಿ ಮೊದಲ ರೊಟ್ಟಿ, ಸಭೆಯಲ್ಲಿ ಮುಂದಿನ ಸಾಲು. ನಾನು ಮುರಿಗೈ. ಇಂಜಿನ್ ಮನೆಯ ಪೂಜಾರಿಯಾದ ನನ್ನ ಅಣ್ಣ ಕರೆಪ್ಪನೂ ಮುರಿಗೈ. ಓಡುವಾಗ ಗುಡುಗವ್ವನ ಒಳಗಿನಿಂದ ಟಿಣ್ ಟಿಣ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅದು ಅವ್ವನ ಗೆಜ್ಜೆ, ಕೊಟ್ಟ ಕೈ ಅವಳಿಗೆ ಸಂದಿತು ಎಂಬುದರ ಗುರುತು. ಆ ಸದ್ದು ಕೇಳಿಕೊಂಡೇ ನಾನು ಮಗಳನ್ನು ತೊಟ್ಟಿಲಲ್ಲಿ ಮಲಗಿಸಿದ್ದೆ.

ಕಿಡಿಹಂಚಿ ಎಂಬುದೊಂದಿದೆ, ನೀವು ಡಿಸ್ಟ್ರಿಬ್ಯೂಟರ್ ಅನ್ನುತ್ತಿದ್ದದ್ದು. ಇಂಜಿನ್ನಿನ ಮಗ್ಗುಲಲ್ಲಿ ನೆಟ್ಟ ಗಡಿಗೆಯಂಥ ವಸ್ತು, ಒಳಗಿನ ಸಾರಾಯಿಗೆ ಬೆಂಕಿ ಹಚ್ಚುವ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುತ್ತದೆ. ಅದರ ಬುಡದಲ್ಲಿ ಒಂದು ಬೋಲ್ಟ್. ಆ ಬೋಲ್ಟಿಗೆ ಪ್ರತಿವರ್ಷ ಅರಗು ಸುರಿದು ಮುದ್ರೆ ಒತ್ತುತ್ತೇವೆ. ಆಗ ಪೂಜಾರಿ ಹೇಳುವ ಮಂತ್ರ ನಿಮ್ಮದೇ: ಎಲೆಕ್ಟ್ರಾನಿಕ್ ಇದೆ, ಪಾಯಿಂಟ್ ಇಲ್ಲ, ಸವೆಯುವುದಿಲ್ಲ, ಸೆಟ್ಟಿಂಗ್ ಬೇಕಿಲ್ಲ, ಮುಟ್ಟಬೇಡಿ. ಯಾರು ಹೇಳಿದಿರೋ, ನಿಮ್ಮ ಬಾಯಿಗೆ ಮಣ್ಣು ಹಾಕ! ಸವೆಯುವ ಪಾಯಿಂಟ್ ಇಲ್ಲ ಎಂದರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ತಪ್ಪುವುದೇ ಇಲ್ಲ ಎಂದೇ? ಯಾವುದೋ ಕಾಲದಲ್ಲಿ ಯಾರೋ ಕಿಡಿಹಂಚಿಯನ್ನು ಬಿಚ್ಚಿ ತೊಳೆದು, ಒಂದಿಷ್ಟು ತಿರುಗಿಸಿ ಕೂರಿಸಿರಬೇಕು. ಆಮೇಲೆ ಬಂದವರೆಲ್ಲ ಮುಟ್ಟಬೇಡಿ ಅಂದರೆ ಮುಟ್ಟದೆ ಕೈಮುಗಿದಿದ್ದಾರೆ. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ ನಾವು.

ಸಂಜೆ ಅವ್ವನಿಗೆ ಮಿಂಚಾರತಿ ಆಗುತ್ತದೆ. ಪಿಸ್ತೂಲಿನ ಆಕಾರದ ಒಂದು ಮಿಂಚುದೀಪ, ಕಿಡಿ ಬಿದ್ದಾಗಲೆಲ್ಲ ಒಮ್ಮೆ ಮಿನುಗುತ್ತದೆ. ಅದರ ಚಿಮಟವನ್ನು ಮೊದಲ ಪ್ಲಗ್ಗಿನ ವೈರಿಗೆ ಕಚ್ಚಿಸಿ ಇಂಜಿನ್ನಿನ ಮುಂದಿನ ಗಾಲಿಯ ಮೇಲೆ ಬೆಳಕು ಬಿಟ್ಟರೆ, ಗರಗರ ತಿರುಗುವ ಗಾಲಿ ನಿಂತಂತೆ ಕಾಣುತ್ತದೆ. ಗಾಲಿಯ ಅಂಚಿನಲ್ಲಿ ನಾವು ಸುಣ್ಣ ತುಂಬುವ ಗೆರೆ ಬೆಳ್ಳಗೆ ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆ ಇದೆ, ಅದಕ್ಕೆ ಕುಂಕುಮ. ಅವ್ವ ಕಣ್ಣು ಬಿಟ್ಟಳು ಎಂದು ಜನ ಅಡ್ಡ ಬೀಳುತ್ತಾರೆ. ಗೆರೆಗೂ ಮೊಳೆಗೂ ಏನು ಸಂಬಂಧ ಎಂದು ಯಾರೂ ಕೇಳಿರಲಿಲ್ಲ.

ಈ ಸಲದ ಮಳೆಯಲ್ಲಿ ಒಡ್ಡು ಒಡೆಯಲು ಬಂದ ಮೇಲಿನಕೇರಿಯ ಒಬ್ಬನನ್ನು ನಮ್ಮವರು ಹಿಡಿದರು. ದುರದುಂಡೆಪ್ಪ ಎಂದು ಹೆಸರು, ಅವರ ಇಂಜಿನ್ ನೋಡಿಕೊಳ್ಳುವವನು. ಪೂಜೆ ಮುಗಿಸಿ ಕಡಿಯೋಣ ಎಂದು ಇಂಜಿನ್ ಮನೆಯ ಕಂಬಕ್ಕೆ ಕಟ್ಟಿದ್ದರು. ಆರತಿಯಾಗುವಾಗ ಆ ಹುಚ್ಚ ಹೋ ಎಂದು ನಕ್ಕುಬಿಟ್ಟ. “ಏ ಮಬ್ಬ ಮಂದಿ, ನಿಮ್ಮ ಗೆರಿ ಮೊಳೀ ಬಿಟ್ಟು ಎರಡು ಬಟ್ಟು ದೂರ ನಿಂತೈತಿ ನೋಡ್ರಿ. ಕಿಡಿ ಮುಂಚೇನ ಬೀಳಾಕತ್ತೈತಿ, ಅದಕ್ಕ ಒದೀತೈತಿ. ಅದು ಗೆಜ್ಜಿ ಅಲ್ರೋ, ಇಂಜಿನ್ನಿನ ಎಲುಬು ಮುರಿಯೂ ಸಪ್ಪಳ,” ಎಂದ. ನನ್ನ ಅಣ್ಣ ಕೈಗೆ ಸಿಕ್ಕ, ನಟ್ಟು ತಿರುಗಿಸುವ ಪಾನಾ ಬೀಸಿ ಅವನ ಬಾಯಿಗೆ ಹೊಡೆದ. ಹಲ್ಲುಗಳು ಆರತಿ ತಟ್ಟೆಯೊಳಗೆ ಬಿದ್ದವು. ಜನ ಸಿಕ್ಕಸಿಕ್ಕಲ್ಲಿ ಒದ್ದರು, ಆರತಿ ಕೆಟ್ಟ ಸಂಜೆ ಕಡಿಯಬಾರದೆಂದು ಮರುದಿನಕ್ಕೆ ಉಳಿಸಿದರು. ನಾನು ಒದೆಯಲಿಲ್ಲ. ನನ್ನ ಕಣ್ಣು ಆ ಗೆರೆಯ ಮೇಲೆ ನೆಟ್ಟಿತ್ತು, ಮತ್ತು ಮುಂದಿನ ಸರದಿ ನನ್ನ ಮನೆಯದಾಗಿತ್ತು.

ನನ್ನ ಮನೆಯಲ್ಲಿ ಉಳಿದವಳು ಮಗಳು ಹೊಳೆವ್ವ ಒಬ್ಬಳೇ. ಮೀನುಬಲೆ ಹೆಣೆಯುತ್ತಾಳೆ. ಅವಳ ಬೆರಳು ಓಡುವುದನ್ನು ನೋಡಲು ಪರಕೇರಿಯವರೂ ನಿಲ್ಲುತ್ತಿದ್ದರು. ಅವಳಿಗೆ ಹೆದರಿಕೆ ಇರಲಿಲ್ಲ. ಚಿಕ್ಕಂದಿನಿಂದ ನನ್ನ ಸೊಟ್ಟ ಕೈಗೆ ಮುತ್ತು ಕೊಟ್ಟು, ನನ್ನದು ಯಾವಾಗಬೇ ಎಂದು ಕೇಳುತ್ತಿದ್ದವಳು. ನಾನು ಮಾತ್ರ ಆ ರಾತ್ರಿಯಿಡೀ ಅವಳ ಬೆರಳುಗಳನ್ನೇ ನೋಡುತ್ತ ಎಚ್ಚರವಿದ್ದೆ.

ಮರುದಿನ ಹೊತ್ತೇರುವಾಗ ಮೇಲಿನಕೇರಿಯವರು ದೋಣಿ ಕಟ್ಟಿಕೊಂಡು ಬಂದರು, ತಮ್ಮವನನ್ನು ಬಿಡಿಸಿಕೊಳ್ಳಲು. ಒಡ್ಡಿನ ಮೇಲೆ ಕುಡುಗೋಲು, ಹುಟ್ಟು, ಕವಣೆಗಲ್ಲು. ನಾನು ಎಡಗೈಯಲ್ಲಿ ಕೊಡಲಿ ಹಿಡಿದು ಒಬ್ಬನ ಹೆಗಲನ್ನು ಸೀಳಿದೆ, ಅವನು ಯವ್ವಾ ಎನ್ನುತ್ತ ಹೊಳೆಗೆ ಜಾರಿದ. ಅಷ್ಟರಲ್ಲಿ ಒಬ್ಬ ಇಂಜಿನ್ ಮನೆಯೊಳಗೆ ನುಗ್ಗಿ ಹಾರೆಯನ್ನು ಫ್ಯಾನಿನೊಳಗೆ ತೂರಿದ. ಹಾರೆ ತಿರುಗಿ ಬಂದು ಅವನದೇ ಹೊಟ್ಟೆ ಹೊಕ್ಕಿತು. ಬೆಲ್ಟ್ ಹರಿಯಿತು, ಗುಡುಗವ್ವ ಕೆಮ್ಮಿ ನಿಂತಳು. ಅವರನ್ನು ಓಡಿಸಿದೆವು, ದುರದುಂಡೆಪ್ಪ ಕಂಬದಲ್ಲೇ ಉಳಿದ. ಆದರೆ ಒಡ್ಡಿಗೆ ಬಿರುಕು ಬಿದ್ದು ನೀರು ಧೋ ಎಂದು ಒಳಗೆ ಬರುತ್ತಿತ್ತು. ಹೊಸ ಬೆಲ್ಟ್ ಹಾಕುವಷ್ಟರಲ್ಲಿ ಮೊಣಕಾಲ ಮಟ್ಟ. ಅಣ್ಣ ನನ್ನ ಕಡೆ ತಿರುಗಿ ಹೇಳಿದ: “ಹೊಳೆವ್ವನ್ನ ಕರಿ. ಕೈ ಬೇಕು.” ಅವಳು ಆಗಲೇ ಬಂದು ನಿಂತಿದ್ದಳು. ಮೈಗೆಲ್ಲ ರಕ್ತ, ಹಣೆಗೆ ಅರಿಶಿನ.

ನಾನು ಕೊಡಲಿ ಎತ್ತಿದೆ. ಮೊದಲ ಏಟಿಗೆ ಬೋಲ್ಟಿನ ಅರಗು ಸಿಡಿಯಿತು, ಎರಡನೆಯದಕ್ಕೆ ಕಂಬದ ಹಗ್ಗ ಹರಿಯಿತು. ಅಣ್ಣ ನನ್ನ ಜಡೆ ಹಿಡಿದು ನೀರಿಗೆ ಕೆಡವಿದ. “ರಂಡೇ, ಅವ್ವನ ಮುದ್ರಿ ಒಡದ್ಯಾ?” ಎಂದು ಎದೆಯ ಮೇಲೆ ಕಾಲಿಟ್ಟ. ಒಡಹುಟ್ಟಿದವನು ಎಂದು ನೋಡಲಿಲ್ಲ, ಹ್ಯಾಂಡಲ್ ತೆಗೆದು ಅವನ ಮುಂಗಾಲಿಗೆ ಬೀಸಿದೆ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಹತ್ತಿರ ಬಂದವರ ತಲೆ ಒಡೆಯುತ್ತೇನೆ ಎಂದು ಕೂಗಿ ದುರದುಂಡೆಪ್ಪನಿಗೆ ಹೇಳಿದೆ: “ಮಾಡಪ್ಪಾ. ಸುಳ್ಳಾದ್ರ ನಿನ್ನ ನಾನ ಕಡೀತೀನಿ.”

ಅವನು ಮಾಡಿದ್ದನ್ನು ಬರೆಯುತ್ತೇನೆ, ಯಾಕೆಂದರೆ ಅದಕ್ಕೇ ಅವನು ಸತ್ತದ್ದು. ಮೊದಲು ಪ್ಲಗ್ಗುಗಳನ್ನೆಲ್ಲ ಬಿಚ್ಚಿದ, ಇಂಜಿನ್ ಒದೆಯದಿರಲಿ ಎಂದು. ಮೊದಲ ತೂತಿಗೆ ನನ್ನ ಬೆರಳು ಇಡಿಸಿ ಗಾಲಿಯನ್ನು ಮೆಲ್ಲಗೆ ತಿರುಗಿಸಿದ. ಬೆರಳಿಗೆ ಗಾಳಿ ಒತ್ತಿದಾಗ ಸುಣ್ಣದ ಗೆರೆಯನ್ನು ಮೊಳೆಗೆ ಸರಿಯಾಗಿ ತಂದು ನಿಲ್ಲಿಸಿದ. ಬ್ಯಾಟರಿ ಜೋಡಿಸಿ, ಮೊದಲ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಕಬ್ಬಿಣದ ಮೇಲೆ ಇಟ್ಟ. ಬೋಲ್ಟನ್ನು ಪೂರ್ತಿ ಬಿಚ್ಚದೆ ತುಸುವೇ ಸಡಿಲಿಸಿದ. ಕಿಡಿಹಂಚಿಯ ಒಳಗಿನ ಮುಳ್ಳು ಯಾವ ಕಡೆ ಸುತ್ತುತ್ತದೋ ಅದೇ ಕಡೆಗೆ ಗಡಿಗೆಯನ್ನು ತಿರುಗಿಸಿದರೆ ಕಿಡಿ ತಡವಾಗುತ್ತದೆ, ಎದುರು ತಿರುಗಿಸಿದರೆ ಬೇಗ. ತಡವಾಗುವ ಕಡೆಗೆ ಒಂದಿಷ್ಟು ಹೆಚ್ಚೇ ತಿರುಗಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ತಂದ. ಪ್ಲಗ್ಗು ಟಕ್ ಎಂದು ನೀಲಿ ಕಿಡಿ ಕಾರಿದ ಜಾಗದಲ್ಲೇ ಕೈ ನಿಲ್ಲಿಸಿ ಬಿಗಿ ಮಾಡಿದ. ಇಷ್ಟೇ. ತಲೆತಲಾಂತರದಿಂದ ಮುರಿದ ನಮ್ಮ ಕೈಗಳೆಲ್ಲ ಇಷ್ಟಕ್ಕೇ.

ಪ್ಲಗ್ಗುಗಳನ್ನು ಮತ್ತೆ ಹಾಕಿ ಹ್ಯಾಂಡಲನ್ನು ಹೊಳೆವ್ವನ ಕೈಗೆ ಕೊಟ್ಟೆ. ನಾವು ಹೆಬ್ಬೆರಳು ಸುತ್ತಿ ಹಿಡಿಯುವವರು. ಹಲ್ಲಿಲ್ಲದ ಬಾಯಲ್ಲಿ ಅವನು, “ಹೆಬ್ಬಟ್ಟು ಸುತ್ತಬ್ಯಾಡ ತಂಗಿ, ಬಟ್ಟಿನ ಸಾಲಿಗೇ ಇಡು. ಮ್ಯಾಲಕ್ಕ ಎಳಿ, ಒತ್ತಬ್ಯಾಡ,” ಎಂದ. ಅವಳು ಕಣ್ಣು ಮುಚ್ಚಿ ಎಳೆದಳು. ಗುಡುಗವ್ವ ಒದೆಯಲಿಲ್ಲ. ಒಂದೇ ಎಳೆತಕ್ಕೆ ಹತ್ತಿಕೊಂಡು ಗುಡುಗುಡು ಎಂದು ಓಡತೊಡಗಿದಳು. ಪಂಪ್ ಹಿಂದೆಂದೂ ಇಲ್ಲದ ಜೋರಿನಲ್ಲಿ ನೀರು ಎತ್ತಿ ಎಸೆಯಿತು. ನಾನು ಆ ನೀರಿನಲ್ಲೇ ಕೂತು ಹೋ ಎಂದು ಅತ್ತೆ. ಬದುಕಿನಲ್ಲಿ ಅಷ್ಟು ಖುಷಿ ನನಗೆ ಇನ್ನೆಂದೂ ಆಗಿಲ್ಲ.

ನೀರು ಇಳಿಯಿತು, ಬಿರುಕು ಮುಚ್ಚಿದೆವು. ಆಮೇಲೆ ಜನ ಒಬ್ಬೊಬ್ಬರಾಗಿ ಇಂಜಿನ್ ಮನೆಯೊಳಗೆ ಬಂದು ಕಿವಿಗೊಟ್ಟು ನಿಂತರು. ಟಿಣ್ ಟಿಣ್ ಸದ್ದಿಲ್ಲ. ಗೋಡೆಗೆ ಒರಗಿ ಕೂತಿದ್ದ ಅಣ್ಣ, “ಅವ್ವ ಗೆಜ್ಜಿ ಬಿಚ್ಯಾಳ. ನಮ್ಮನ್ನ ಬಿಟ್ಟು ಹೋದ್ಲು,” ಎಂದ. ಹೆಂಗಸರು ಎದೆ ಬಡಿದುಕೊಂಡರು. ಹೊಳೆವ್ವ ತನ್ನ ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. “ನನ್ನ ಕೈ ಅಕಿಗೆ ಬ್ಯಾಡಾತು,” ಎಂದಳು. ನನ್ನ ಮುಖ ನೋಡಲಿಲ್ಲ. ಬಾಗಿ ಕವಣೆಗಲ್ಲೊಂದನ್ನು ಎತ್ತಿಕೊಂಡಳು.

ದುರದುಂಡೆಪ್ಪ ಓಡಲಿಲ್ಲ. ಮಿಂಚುದೀಪ ಹಿಡಿದು ಗೆರೆ ನೋಡುತ್ತ ಕೂತಿದ್ದ. ಮೊದಲ ಕಲ್ಲು ಅವನ ಕಿವಿಯ ಹಿಂದೆ ಬಿತ್ತು, ಅದು ನನ್ನ ಮಗಳು ಎಸೆದದ್ದು. ಆಮೇಲೆ ಎಲ್ಲರೂ ಎಸೆದರು. ನಾನು ಅವನ ಮೇಲೆ ಬಿದ್ದೆ, ನನ್ನನ್ನು ಎಳೆದು ಹಾಕಿದರು. ಕೊನೆಗೆ ಅವನ ಮುಖ ಯಾವುದು ಕಲ್ಲು ಯಾವುದು ಗೊತ್ತಾಗುವಂತಿರಲಿಲ್ಲ. ಅದಕ್ಕೂ ಮುಂಚೆ, ಬಾಯಿ ಇನ್ನೂ ಇದ್ದಾಗ, ನನ್ನ ಕಡೆ ನೋಡಿ ಅವನು ಹೇಳಿದ್ದು ಇಷ್ಟು: “ಬೋಲ್ಟ್ ಇನ್ನೊಮ್ಮಿ ನೋಡಬೇ. ಬಿಗಿ ಮಾಡೂಮುಂದ ಗೆರಿ ಸರೀತೈತಿ.”

ನೋಡಿದೆ. ಸರಿದಿತ್ತು, ಒಂದು ಅಕ್ಕಿಕಾಳಿನಷ್ಟು. ಉಸಿರುಗೊಳವೆ ಎಂದು ನಾವು ಕರೆಯುವ ಸಣ್ಣ ರಬ್ಬರ್ ಪೈಪನ್ನು ಕಿಡಿಹಂಚಿಯಿಂದ ಕಿತ್ತು, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಇಂಜಿನ್ ನಿಧಾನಕ್ಕೆ ಓಡುವಾಗ ದೀಪ ಬಿಟ್ಟು ಸರಿಪಡಿಸಿದೆ. ಕಲ್ಲು ಬೀಳುವ ಮುಂಚೆ ಅವನೇ ಆ ಪೈಪಿನತ್ತ ಬೆರಳು ಮಾಡಿ ಹೇಳಿಕೊಟ್ಟಿದ್ದ. ಈಗ ಗೆರೆ ಮೊಳೆಯ ಎದುರಿಗೇ ನಿಲ್ಲುತ್ತದೆ.

ಸಭೆ ತೀರ್ಮಾನ ಮಾಡಿದೆ. ಗೆಜ್ಜೆ ಮರಳಬೇಕಾದರೆ ಕಿಡಿಹಂಚಿಯನ್ನು ಹಳೆಯ ಜಾಗಕ್ಕೇ ತಿರುಗಿಸಿ ಅರಗು ಸುರಿಯಬೇಕು, ಹೊಳೆವ್ವನಿಂದ ಮತ್ತೆ ಕೈ ಕೊಡಿಸಬೇಕು. ನಾಳೆ ಬೆಳಿಗ್ಗೆ ಬರುತ್ತಾರೆ. ಈ ಹಾಳೆಯನ್ನು ಬಾವಿಗೆ ಹಾಕಿ ಬಂದು ಇಂಜಿನ್ ಮನೆಯ ಅಗುಳಿ ಹಾಕಿಕೊಳ್ಳುತ್ತೇನೆ. ಕೊಡಲಿ ಇದೆ, ಹ್ಯಾಂಡಲ್ ಇದೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ನೀವು ಮಾಡುವ ಪ್ರತಿ ಇಂಜಿನ್ನಿನ ಮೇಲೂ, ಆ ಬೋಲ್ಟಿನ ಪಕ್ಕದಲ್ಲಿ, ಉಳಿಯಿಂದ ಆಳವಾಗಿ ಕೆತ್ತಿಸಿ: ಇದು ತಿರುಗುತ್ತದೆ, ಗೆರೆ ನೋಡಿ ತಿರುಗಿಸಿ. ಬಣ್ಣದಲ್ಲಿ ಬರೆಯಬೇಡಿ, ಅಳಿಸಿಹೋಗುತ್ತದೆ. ಮುಟ್ಟಬೇಡಿ ಎಂದು ಮಾತ್ರ ದಯವಿಟ್ಟು ಬರೆಯಬೇಡಿ, ಅದನ್ನು ನಾವು ಪೂಜೆ ಮಾಡುತ್ತೇವೆ.

ನಾಳೆ ಬಾಗಿಲು ಒಡೆಯಲು ಎಲ್ಲರಿಗಿಂತ ಮುಂದೆ ಬರುವವಳು ನನ್ನ ಮಗಳು. ಅವಳ ಎರಡೂ ಕೈ ಗಟ್ಟಿಯಾಗಿವೆ.

ಇಂತಿ,
ಬಾಳವ್ವ