ಕತ್ತರಿ ಹಿಡಿಯಲ್ಲಿ ಸಿಕ್ಕಿಕೊಂಡ ಬೆರಳು

ಸೋಮವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನೀನು ಕತ್ತರಿ ಎಂದೇ ಕರೆಯುವ ತಂಗಿಯ ನಮಸ್ಕಾರ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನನ್ನು ಬಾಯಿ ತೆಗೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಓದಬೇಡ. ಮನೆಗೆ ಹೋಗಿ, ಕೂತು ಓದು.

ನಿನ್ನ ಪಕ್ಕದ ಮನೆಯ ಟೀಚರಮ್ಮ ಈ ತಿಂಗಳ ಕೊನೆಗೆ ನನ್ನನ್ನು ನೋಡಲು ಬರುತ್ತಾರೆಂದು ಹೇಳಿದೆಯಲ್ಲ. ಅವರಿಗೂ ನಮ್ಮ ಮನೆಯದೇ ಕಾಯಿಲೆ, ಸಂಧಿವಾತ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ನಿನ್ನ ಆಂಟಿಬಯೋಟಿಕ್ ಶುರು ಮಾಡಲು ಅರ್ಧ ಒಪ್ಪಿದ್ದಾರೆ, ಉಳಿದರ್ಧ ನನ್ನ ಕೈ ನೋಡಿದ ಮೇಲೆ. "ನೀನೇ ನಂಗೆ ಸಾಕ್ಷಿ ಕಣೇ, ಸುಮ್ನೆ ಕತ್ತರಿ ಹಿಡಿದು ತೋರ್ಸು, ಸಾಕು" ಅಂದೆ. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಅಮ್ಮನ ಕೈಗಳು ಮುಷ್ಟಿ ಕಟ್ಟಿಕೊಂಡು ಹೋದದ್ದನ್ನು ಹತ್ತಿರದಿಂದ ಕಂಡವಳು ನೀನು. ತುತ್ತು ಕೊಟ್ಟವಳು, ತಲೆ ಬಾಚಿದವಳು ನೀನೇ. ಆ ಕಾಲದ ಡಾಕ್ಟರು ಕೊಟ್ಟದ್ದನ್ನೆಲ್ಲ ನುಂಗಿದರೂ ಅವಳ ಬೆರಳು ಬಿಚ್ಚಲಿಲ್ಲ. ಅದಕ್ಕೇ ಡಾಕ್ಟರೆಂದರೆ ನಿನಗೆ ಮೈಯೆಲ್ಲ ಉರಿ. ಮುಂದೆ ನಿನ್ನ ಬೆರಳು ಊದಿದಾಗ, ಕೀಲಿನೊಳಗೆ ಹಳೆಯ ರೋಗಾಣು ಅಡಗಿರುತ್ತದೆ, ಅದನ್ನು ಕೊಂದರೆ ಕಾಯಿಲೆ ತಾನಾಗಿ ಹೋಗುತ್ತದೆ ಎಂದು ಎಲ್ಲೋ ಓದಿ ಆ ಮಾತ್ರೆ ಹಿಡಿದೆ. ವಾಸಿಯಾಯಿತು ಅಂದೆ. ನನ್ನ ಬೆರಳು ಊದಿತು, ನಿನ್ನ ಪೊಟ್ಟಣ ಬಂತು.

ನಾನು ನಿಷ್ಠೆಯಿಂದಲೇ ನುಂಗಿದೆ ಅಕ್ಕ. ನೋವು ಹೆಚ್ಚಾಯಿತು ಎಂದರೆ, "ರೋಗಾಣು ಸಾಯೋವಾಗ ಒದ್ದಾಡುತ್ತೆ, ಒಳ್ಳೇ ಲಕ್ಷಣ" ಅಂದೆ. ಎಂದಾದರೂ ಕಡಿಮೆಯಾದರೆ, "ನೋಡಿದ್ಯಾ, ನಾ ಹೇಳ್ಲಿಲ್ವಾ" ಅಂದೆ. ನೋವಿದ್ದರೂ ನೀನೇ ಗೆದ್ದೆ, ಇಲ್ಲದಿದ್ದರೂ ನೀನೇ ಗೆದ್ದೆ. ನಾನು ಯಾವ ಕಡೆಯಿಂದ ಹೊರಗೆ ಬರಲಿ? ಚಳಿಗಾಲವಿಡೀ ಬಾಗಿಲೇ ಇಲ್ಲದ ಕೋಣೆಯಲ್ಲಿ ಕೂಡಿ ಹಾಕಿದ ಹಾಗಿತ್ತು.

ಆಗಲೇ ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ದಪ್ಪ ಉಣ್ಣೆ ಬಟ್ಟೆ ಕತ್ತರಿಸಿ ಕತ್ತರಿ ಕೆಳಗಿಡಲು ಹೋದೆ, ಹೆಬ್ಬೆರಳು ಹಿಡಿಯಿಂದ ಬರಲಿಲ್ಲ. ಎಳೆದೆ, ತಿರುಗಿಸಿದೆ, ಜಪ್ಪಯ್ಯ ಅಂದರೂ ಬಿಡಲಿಲ್ಲ. ಮೊದಲು ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಗಡಿ ಯಜಮಾನರು ಮಿಷನ್ನಿಗೆ ಹಾಕುವ ಎಣ್ಣೆ ಸುರಿದರು. ಕೊನೆಗೆ ಕತ್ತರಿ ಸಮೇತ ಕೈಯನ್ನು ಸೋಪಿನ ನೀರಿನಲ್ಲಿ ಮುಳುಗಿಸಿಕೊಂಡು ಕೂತೆ. "ಬೇಜಾರು ಮಾಡ್ಕೋಬೇಡಮ್ಮ, ಕತ್ತರಿ ಬೇರೆಯವ್ರಿಗೆ ಕೊಡೋಣ, ನೀನು ಗಿರಾಕಿಗಳನ್ನ ಮಾತಾಡಿಸ್ಕೊಂಡು ಇರು" ಅಂದರು ಯಜಮಾನರು. ಆಗ ಅಳು ಬಂತು. ಅದೊಂದು ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ ಹೇಳು.

ಹೇಗೋ ಬೆರಳು ಬಿಡಿಸಿಕೊಂಡು, ಅಂದೇ ಸಂಜೆ ಇಲ್ಲಿ ಕೀಲುನೋವು ನೋಡುವ ಡಾಕ್ಟರಮ್ಮನ ಹತ್ತಿರ ಹೋದೆ. ನಿನ್ನ ಮಾತ್ರೆ ತೋರಿಸಿದರೆ ಅವರು ನಗಲಿಲ್ಲ. "ಇದ್ರಿಂದ ಕೆಲವರಿಗೆ ಅಷ್ಟೋ ಇಷ್ಟೋ ಅನುಕೂಲ ಆಗಿದ್ದುಂಟು. ಆದ್ರೆ ನಿಮ್ಮ ಕೀಲು ಸವೀತಾ ಇದೆ, ಇದನ್ನೊಂದೇ ನಂಬ್ಕೊಂಡು ಕೂರೋ ಹಾಗಿಲ್ಲ" ಅಂದರು. ರೋಗ ತಡೆಯಬೇಕಾದ ಮೈಯ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಬಡಿಯುತ್ತಿದ್ದಾನೆ, ಮೊದಲು ಅವನ ಕೈ ಹಿಡಿಯಬೇಕು ಎಂದು ತಿಳಿಸಿ ಹೇಳಿದರು. ವಾರಕ್ಕೊಮ್ಮೆ ನುಂಗುವ ಬೇರೆ ಮಾತ್ರೆ, ಆಗಾಗ ರಕ್ತಪರೀಕ್ಷೆ. ನಿನ್ನ ಪೊಟ್ಟಣಗಳು ಅಂದಿನಿಂದ ಬಟ್ಟೆ ಚೂರುಗಳ ಡಬ್ಬಿಯಲ್ಲಿ ಹಾಗೇ ಬಿದ್ದಿವೆ. ನನ್ನ ಬೆರಳು ಮತ್ತೆ ಬಗ್ಗಿದ್ದು ಡಾಕ್ಟರಮ್ಮನ ಮಾತ್ರೆಯಿಂದ.

ಬೇಸಿಗೆಯಲ್ಲಿ ನೀನು ಬಂದಾಗಲೇ ಹೇಳಬೇಕಿತ್ತು. ನಾನು ಕೋಟು ಕತ್ತರಿಸುವುದನ್ನು ನೋಡಿ ಅಂಗಡಿಯಲ್ಲೇ ನೀನು ಕಣ್ಣೀರು ಹಾಕಿದೆ. ಸಂಜೆ ನನ್ನ ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಮುಂದೆ ತಳ್ಳಿ, "ಮುಚ್ಚಳ ತೆಗಿ, ನಿನ್ನ ಶಕ್ತಿ ಎಷ್ಟಿದೆ ನೋಡೋಣ" ಅಂದೆ. ನಾನು ತೆಗೆದೆ. "ಅಮ್ಮಂಗೆ ಮಾಡಕ್ಕಾಗದ್ದನ್ನ ನಿಂಗಾದ್ರೂ ಮಾಡ್ದೆ" ಅಂದೆ. ಆ ಮಾತು ಕೇಳಿದ ಮೇಲೆ ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಒಂದು ಕೋಣೆಯಿಂದ ಬಿಡಿಸಿಕೊಂಡು ಇನ್ನೊಂದರೊಳಗೆ ಹೋಗಿ ಕೂತೆ, ಇದರ ಚಿಲಕ ಮಾತ್ರ ನಾನೇ ಹಾಕಿಕೊಂಡದ್ದು.

ಆದರೆ ಟೀಚರಮ್ಮನದು ಬೋರ್ಡಿನ ಮೇಲೆ ಬರೆಯುವ ಕೈ. ಅದು ಮುಷ್ಟಿ ಕಟ್ಟಿಕೊಂಡರೆ ಆ ಪಾಪ ನನ್ನ ತಲೆಗೆ. ನೀನು ಸಿಟ್ಟಾಗು, ಮಾತು ಬಿಡು, ಈ ಕಾಗದ ಹರಿದು ಹಾಕು. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಅವರಿಗೆ ಇವತ್ತೇ ಹೇಳು. ನೀನು ಹೇಳದಿದ್ದರೆ ಅವರು ಬಂದ ದಿನ ನಾನು ಹೇಳುತ್ತೇನೆ, ನಿನ್ನ ಮಾನ ನೋಡುವುದಿಲ್ಲ.

ಬೈಸಿಕೊಳ್ಳಲು ಸಿದ್ಧಳಾಗಿ ಕೂತಿರುವ,
ನಿನ್ನ ಕತ್ತರಿ

ಬಿಟ್ಟುಹೋದ ಮಾತು: ಆ ಜಾಡಿ ನನ್ನ ಶಕ್ತಿ ನೋಡಲು ಕೊಟ್ಟದ್ದೆಂದೇ ನಂಬಿದ್ದೆ. ನೀನು ಹೋದ ಮೇಲೆ ಒಂದೊಂದೇ ನೆನಪಾಯಿತು. ನೀರಿನ ಲೋಟವನ್ನು ನೀನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದೆ. ಬಾಗಿಲನ್ನು ಭುಜದಿಂದ ತಳ್ಳಿದೆ. ನಿನ್ನ ಉಂಗುರ ಬೆರಳಿನಲ್ಲಿರಲಿಲ್ಲ, ಕೊರಳ ಸರದಲ್ಲಿತ್ತು. ನಿನಗೂ ವಾಸಿಯಾಗಿಲ್ಲ ಅಕ್ಕ. ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರನ್ನೂ ಬರೆಸಿದ್ದೇನೆ. ಟೀಚರಮ್ಮನ ಜೊತೆ ಬಸ್ಸಿನಲ್ಲಿ ನೀನೂ ಬಾ. ಚೀಲ ಎತ್ತಲು ಹೋಗಬೇಡ. ನಿಲ್ದಾಣಕ್ಕೆ ಬಂದು ನಾನೇ ಇಳಿಸಿಕೊಳ್ಳುತ್ತೇನೆ.