ಮೀಸಲು ಬೆಣ್ಣೆ

ಅಕ್ಟೋಬರ್ 14, ಸಂಜೆ

ಹಿಮ್ಮಡಿಯ ಬೊಬ್ಬೆ ಮತ್ತೆ ಒಡೆಯಿತು. ಹೇಸರಗತ್ತೆಯ ಹೇರು ಇಳಿಸಿದ್ದು ನಾನೇ. ಒಲೆ ಹೊತ್ತಿಸಿದ್ದು ಅತ್ತಿಗೆ ಯಾಂಗ್‌ಜೋಮ್. ನಾವು ಯಾತ್ರೆ ಹೊರಟಿರುವ ಗುಹೆಗಳ ಬೆಟ್ಟ, ಸಿಂಗ್ಯೆ ಜೊಂಗ್, ಇನ್ನೂ ಎರಡು ದಿನದ ದಾರಿ. ಅಮ್ಮ ತೀರಿ ವರ್ಷವಾಯಿತು. ಹೋದ ಜೀವಕ್ಕೆ ದಾರಿ ಕಾಣಲೆಂದು ಅಲ್ಲಿನ ಗುಹೆಯಲ್ಲಿ ಅವಳ ಹೆಸರಿನ ದೀಪ ಒಂದು ಹಗಲು, ಒಂದು ರಾತ್ರಿ ಆರದೆ ಉರಿಯಬೇಕು ಎಂದು ಅಪ್ಪನ ಹಟ. ಅದಕ್ಕೆಂದೇ ಊರಲ್ಲೇ ಉಳಿದ ಅಣ್ಣ ಚಮರಿಹಸುವಿನ ಬೆಣ್ಣೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದಾನೆ. ಮೀಸಲು. ಯಾರೂ ಮುಟ್ಟಕೂಡದು. ನಾವು ಚಹಾಕ್ಕೆ ಉಪ್ಪಿನ ಜೊತೆ ಹಾಕಿ ಕುಡಿಯುವ ಬೆಣ್ಣೆ ಬೇರೆ ಇತ್ತು, ನಿನ್ನೆಯೇ ಮುಗಿಯಿತು.

ಪೆಲ್ಮೊ ಅತ್ತೆ, ಅಪ್ಪನ ತಂಗಿ, ಬಟ್ಟಲು ಮೂಸಿ ನೋಡಿದರು. "ಇದೇನೇ ಯಾಂಗ್‌ಜೋಮ್, ಚಹಾನಾ, ಕಲಗಚ್ಚಾ?"

"ಉಪ್ಪು ಹಾಕಿದೀನಿ ಅತ್ತೆ. ಬೆಣ್ಣೆ ನೀವೇ ಕುಡಿದು ಮುಗಿಸಿದ್ರಲ್ಲ!"

ಅಪ್ಪ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ.

ಅಕ್ಟೋಬರ್ 15

ಹಿಮ. ಹೇಸರಗತ್ತೆ ಹೊಡೆದುಕೊಂಡು ನಾನೊಬ್ಬನೇ ಮುಂದೆ ಬಂದು ದನಗಾಹಿಗಳ ಗುಡಿಸಲು ಸೇರಿದೆ. ತಲೆ ಸಿಡಿಯುತ್ತಿತ್ತು. ಚಹಾ ಕಾಯಿಸಿದೆ. ಮೀಸಲು ಬೆಣ್ಣೆಯ ಕಟ್ಟು ಬಿಚ್ಚಿದೆ. ಬಟ್ಟಲಿಗೆ ಮೊದಲು ಒಂದು ಬೆರಳು... ಆಮೇಲೆ ಹಿಡಿ. ಆಮೇಲೆ ಇನ್ನೊಂದು ಹಿಡಿ. ಜೀವ ಬಂತು. ಎಲೆ ಮೊದಲಿನಂತೆಯೇ ಸುತ್ತಿಟ್ಟೆ.

ಮೀಸಲು ಮುರಿದೆ. ಅಮ್ಮನದು.

ಅತ್ತಿಗೆ ಬಂದವರೇ, "ಮುಖಕ್ಕೆ ಕಳೆ ಬಂದಿದೆಯಲ್ಲೋ ಮೈದುನ!" ಎಂದರು. ನನ್ನ ಬಟ್ಟಲು ತೊಳೆದಿಟ್ಟರು.

ಅಕ್ಟೋಬರ್ 16

ತಲುಪಿದೆವು. ಗುಹೆಯಲ್ಲಿ ಅತ್ತೆ ಕಟ್ಟು ಬಿಚ್ಚಿದರು. "ಅಯ್ಯೋ, ಅರ್ಧಕ್ಕರ್ಧ ಇಲ್ಲ! ಒಲೆ ಮುಂದೆ ಕೂತೋಳು ಯಾರು? ಅವಳನ್ನೇ ಕೇಳಣ್ಣ."

"ನಾನು ಮುಟ್ಟಿಲ್ಲ ಅತ್ತೆ."

ಅಪ್ಪ ಅತ್ತಿಗೆಯನ್ನೇ ದಿಟ್ಟಿಸಿದರು. ನಾನು ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಾ ಕೂತೆ.

ಇದ್ದಷ್ಟೇ ಬೆಣ್ಣೆ ಕರಗಿಸಿ ದೀಪ ಹಚ್ಚಿದೆವು. ಆಮೇಲೆ ಪಾಪದ ಬಿರುಕು. ಎರಡು ಬಂಡೆಗಳ ನಡುವೆ ನುಸುಳಬೇಕು. ಪಾಪಿಗಳನ್ನು ಬಂಡೆ ಹಿಡಿದುಕೊಳ್ಳುತ್ತದೆ. ನಾನು ಕಡ್ಡಿ ಪೈಲ್ವಾನ್, ಸಲೀಸಾಗಿ ಆಚೆ ಬಂದೆ. ಅಪ್ಪ ಬೆನ್ನು ತಟ್ಟಿದರು. "ನಮ್ಮ ಚಿಕ್ಕೋನು ತಿನ್ಲೆ, ಇವನ ಮನಸ್ಸು ಹಾಲಿನಂಥದ್ದು."

ಅತ್ತಿಗೆ ಸಿಕ್ಕಿಕೊಂಡರು. ಭುಜ ಒಳಗೆ, ಮುಖ ಮಾತ್ರ ನಮ್ಮ ಕಡೆ.

"ನುಂಗಿದ ಬೆಣ್ಣೆ ಎಲ್ಲಿ ಹೋಗುತ್ತೆ? ಬಂಡೆ ಹಿಡ್ಕೊಳ್ತು ನೋಡಿ!" ಅತ್ತೆ ಕೂಗಿದರು. ಯಾತ್ರಿಕರೆಲ್ಲ ಗೊಳ್ಳೆಂದರು.

ನಾನೂ ನಕ್ಕೆ.

ಅಕ್ಟೋಬರ್ 18

ನಿನ್ನೆ ಬರೆಯಲು ಕೈ ಬರಲಿಲ್ಲ. ನಿನ್ನೆ ಬೆಳಕು ಹರಿಯುವ ಮೊದಲೇ ದೀಪ ಆರಿತ್ತು. ಅಪ್ಪ ಅದರ ಮುಂದೆಯೇ ಕೂತಿದ್ದರು. "ನಿಮ್ಮಮ್ಮಂಗೆ ಅರ್ಧ ದಾರೀಲೇ ಕತ್ತಲಾಯ್ತಲ್ಲೋ..." ಅಪ್ಪ ಅತ್ತದ್ದನ್ನು ಮೊದಲ ಸಲ ನೋಡಿದೆ. ನಾಚಿಕೆಗೆ ನೆಲ ಬಿರಿಯಬಾರದೆ ಎನ್ನಿಸಿತು.

ಈಗ ಇಳಿಯುವ ದಾರಿ. ಇವತ್ತು ತೊರೆಯ ಹತ್ತಿರ ಅತ್ತಿಗೆ ಒಬ್ಬರೇ ಇದ್ದರು. ಬಿರುಕಿನಿಂದ ಎಳೆದು ಬಿಡಿಸುವಾಗ ಭುಜದ ಚರ್ಮ ಸುಲಿದಿತ್ತು.

"ಅತ್ತಿಗೆ, ಆ ಬೆಣ್ಣೆ..."

"ಗೊತ್ತು. ನಿನ್ನ ಬಟ್ಟಲು ತೊಳೆದೋಳು ನಾನೇ ಅಲ್ವಾ? ಎಷ್ಟು ತಿಕ್ಕಿದ್ರೂ ಜಿಡ್ಡು ಹೋಗ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ?"

"ಹುಷಾರಿಲ್ಲದೋನು, ತಿಂದ್ರೆ ತಿನ್ಲಿ ಅಂದ್ಕೊಂಡೆ. ನೀನೇ ಹೇಳ್ತೀಯ ಅಂತ ಕಾದೆ. ಬಿರುಕಲ್ಲಿ ಸಿಕ್ಕಾಗಲೂ ನಿನ್ನ ಮುಖಾನೇ ನೋಡ್ತಿದ್ದೆ ಕಣೋ. ನೀನು ನಗ್ತಿದ್ದೆ."

ಕೊಡ ಎತ್ತಿಕೊಂಡು ಹೋದರು.

ಅಕ್ಟೋಬರ್ 19, ಬೆಳಿಗ್ಗೆ

ಮಧ್ಯಾಹ್ನಕ್ಕೆ ಊರು. ಸೇತುವೆ ಹತ್ತಿರ ಅಣ್ಣ ಕಾದಿರುತ್ತಾನೆ. "ನಿನ್ನ ಹೆಂಡ್ತಿ ಮಾಡಿದ ಕೆಲಸ ನೋಡು ಅಂತ ಅಲ್ಲೇ ಹೇಳ್ತೀನಿ," ಎಂದು ಅತ್ತೆ ಎದ್ದಾಗಿನಿಂದ ಗೊಣಗುತ್ತಿದ್ದಾರೆ. ಅಪ್ಪ ಬೇಡ ಎನ್ನುತ್ತಿಲ್ಲ.

ಅತ್ತಿಗೆ ಚಹಾ ಬಗ್ಗಿಸಿ ಬಟ್ಟಲನ್ನು ನನ್ನ ಪಕ್ಕ ಇಟ್ಟು ಹೋದರು. "ಅಪ್ಪಂಗೆ ನೀನೇ ಕೊಡು." ಅಷ್ಟೇ.

ಬರೀ ಉಪ್ಪು ಚಹಾ. ಆರುತ್ತಿದೆ. ಅಪ್ಪ ಕರೆಯುತ್ತಿದ್ದಾರೆ. ಬಾಯಲ್ಲಿ ಬಾರದಿದ್ದರೆ ಎಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ — ಅಪ್ಪಾ, ಅತ್ತಿಗೆ ಅಲ್ಲ, ಆ ಬೆಣ್ಣೆ ನಾ—