ನಡುಗುವ ಕೈಗೆ ಸಿಕ್ಕ ಟ್ರೌಟ್

ಅಬು ಹಲೀಫಾ, ಕುವೈತ್
೨೬ ಸೆಪ್ಟೆಂಬರ್ ೨೦೨೫, ಶುಕ್ರವಾರ

ಮುದ್ದಿನ ರಿಯೋನಾ,

ಪಪ್ಪನ ಪ್ರೀತಿ ಮತ್ತು ಮಮ್ಮಿಯ ಎಂದಿನ ಗೊಣಗಾಟ, ಎರಡನ್ನೂ ಒಟ್ಟಿಗೇ ಸ್ವೀಕರಿಸು. ನಿನ್ನ ಮದುವೆಯಲ್ಲಿ ಗ್ಲಾಸು ಹಿಡಿದು ಹರಸುವ ಟೋಸ್ಟ್ ಎತ್ತಲು ನನ್ನ ತಮ್ಮ, ನಿನ್ನ ಡ್ಯಾನಿಯಲ್ ಬಾಪ್ಪುವಿಗೆ ಹೇಳೋಣವೇ ಎಂದು ನೀನು ಮೆಸೇಜು ಹಾಕಿ ತಿಂಗಳಾಯಿತು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಪಪ್ಪನಿಗೆ ಕೊಬ್ಬು ಎಂದುಕೊಂಡಿರುತ್ತೀ. ಅದು ಫೋನಿನಲ್ಲಿ ಕೊಡುವ ಉತ್ತರವಾಗಿರಲಿಲ್ಲ, ಮಗಳೇ. ನೀನು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ನಾವು ಹೀಗೇ ಕನ್ನಡದಲ್ಲಿ ಕಾಗದ ಬರೆದುಕೊಳ್ಳುತ್ತಿದ್ದೆವಲ್ಲ, ಇದೂ ಹಾಗೇ ಬರಲಿ ಅನ್ನಿಸಿತು. ಮಮ್ಮಿಯ ಜತೆ ಕೆಲಸ ಮಾಡುವ ಶಮೀಲಾ ಮುಂದಿನ ವಾರ ಊರಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ಅಕ್ಷರ ಮಮ್ಮಿಯದು, ಮಾತು ನನ್ನದು. ನಾನು ಹೇಳಿದ್ದರಲ್ಲಿ ಅರ್ಧವನ್ನು ಅವಳು ಜಂಬವೆಂದು ಬಿಟ್ಟುಬಿಡುತ್ತಿದ್ದಾಳೆ. ಆದರೆ ಈ ಸಲ ಜಂಬಕ್ಕೆ ಸರಿಯಾದ ಕಾರಣವೇ ಇದೆ. ನಿನ್ನ ಪಪ್ಪ ಜಾರ್ಜಿಯಾ ದೇಶದ ಹೊಳೆಯಲ್ಲಿ, ಎಲ್ಲರೂ ಬರಿಗೈಯಲ್ಲಿ ಕೂತಿದ್ದಾಗ, ಒಂದು ಟ್ರೌಟ್ ಮೀನು ಹಿಡಿದ. ಚಿಕ್ಕದಲ್ಲ, ಮಮ್ಮಿಯ ಮೊಣಕೈಯಿಂದ ಬೆರಳ ತುದಿಯವರೆಗೆ ಇತ್ತು. ಇದನ್ನು ಅವಳು ಒಪ್ಪಿಕೊಂಡೇ ಬರೆಯುತ್ತಿದ್ದಾಳೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಕೈಯ ವಿಷಯ ನಿನಗೆ ಗೊತ್ತಿದೆ. ಪ್ರಾಣಕ್ಕೇನೂ ಅಪಾಯವಿಲ್ಲ, ಬರೀ ನಡುಕ ಎಂದು ಡಾಕ್ಟರು ಹೇಳಿದ್ದಾರೆ. ಕೈ ಮಡಿಲಲ್ಲಿದ್ದರೆ ಪಾಪದ ಕೈ, ಏನಾದರೂ ಎತ್ತಿ ಹಿಡಿದರೆ ಸಾಕು, ಶುರು. ಶುಐಬಾದ ಕಾರ್ಖಾನೆಯಲ್ಲಿ ಇಷ್ಟು ವರ್ಷ ಮೀಟರುಗಳ ಸೂಜಿ ಸರಿಮಾಡುತ್ತಿದ್ದವನನ್ನು ಈಗ ಸ್ಟೋರಿನ ಕಂಪ್ಯೂಟರಿನ ಮುಂದೆ ಕೂರಿಸಿದ್ದಾರೆ. ಸಂಬಳ ಅದೇ, ಇಲ್ಲಿ ಉಳಿಯುವ ಪರವಾನಗಿ ಇಕಾಮಾಕ್ಕೂ ತೊಂದರೆಯಿಲ್ಲ. ಬೇಸರ ಬೇರೆಯದು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಪ್ಪು ತುಂಬ ಚಹಾ, ನನಗೆ ಅರ್ಧ. ನಾನು ಕಪ್ಪು ಎತ್ತುವಾಗ ಎಲ್ಲರಿಗೂ ಇದ್ದಕ್ಕಿದ್ದಂತೆ ಕಿಟಕಿಯ ಹೊರಗೆ ಏನೋ ನೋಡುವುದಿರುತ್ತದೆ. ನಗಾಡಿದ್ದರೆ ತಿರುಗಿ ಬೈಯಬಹುದಿತ್ತು, ಈ ಮರ್ಯಾದೆಗೆ ಏನು ಮಾಡುವುದು ಹೇಳು.

ಆಫೀಸಿನ ನಾವು ಮೂವರು ಪ್ರತಿ ಸೆಪ್ಟೆಂಬರಿನಲ್ಲಿ ಟ್ರೌಟ್ ಹಿಡಿಯಲು ಹೋಗುವುದು ನಿನಗೆ ಗೊತ್ತಲ್ಲ. ಈ ಸಲ ಜೆರೋಮ್ ನನ್ನನ್ನು ಬಿಡುವ ಲೆಕ್ಕದಲ್ಲಿದ್ದ. ಅವನು ಸೇಫ್ಟಿ ಆಫೀಸರ್, ಬೇಡ ಅನ್ನುವುದಕ್ಕೇ ಅವನಿಗೆ ಸಂಬಳ. "ಕಜೆಟನ್ ಭಾಯಿ, ಈ ವರ್ಷ ನೀವು ರೆಸ್ಟ್ ಮಾಡಿ. ಹುಕ್ ಎಲ್ಲಿಯಾದ್ರೂ ಕೈಗೆ ಚುಚ್ಚಿದ್ರೆ ಆ ಗುಡ್ಡೆಯಲ್ಲಿ ಯಾವ ಆಸ್ಪತ್ರೆ ಉಂಟು?" ಅಂದ. ನಾನು ಸರಿ ಅಂದೆ. ಮನೆಗೆ ಬಂದು ಊಟ ಮಾಡದೆ ಮಲಗಿದೆ. ಮರುದಿನ ಮೈಸೂರಿನ ಶ್ಯಾಮಸುಂದರ್, ನಮ್ಮ ಪ್ರೋಸೆಸ್ ಇಂಜಿನಿಯರು, ಸ್ಟೋರಿನ ಬಾಗಿಲಲ್ಲಿ ನಿಂತು ನಾಲ್ಕು ಟಿಕೆಟ್ ಆಗಿದೆ ಅಂದರು. ನಾಲ್ಕನೆಯದು ಯಾರಿಗೆ ಎಂದು ಕೇಳಿದೆ. "ಮೇಡಂ ನರ್ಸ್ ಅಲ್ವಾ ಸಾರ್? ಜೆರೋಮ್‌ಗೆ ಆಸ್ಪತ್ರೆ ಬೇಕಂತೆ, ಕರ್ಕೊಂಡೇ ಹೋಗೋಣ. ಯಲ್ಲಾ, ನಡೀರಿ, ರಜೆ ಹಾಕಿ." ಆ ಮನುಷ್ಯ ಮೊಟ್ಟೆಯನ್ನೂ ತಿನ್ನದವರು. ಹಿಡಿದ ಮೀನನ್ನೆಲ್ಲ ಕ್ಷಮೆ ಕೇಳಿ ನೀರಿಗೆ ಬಿಡುತ್ತಾರೆ, ಜೆರೋಮ್ ದಡದಲ್ಲಿ ನಿಂತು ಹೊಟ್ಟೆ ಉರಿಸಿಕೊಳ್ಳುತ್ತಾನೆ.

ಹೊರಡುವ ಮೊದಲು ಇಲ್ಲಿಯ ಸಮುದ್ರದ ಬದಿಯಲ್ಲಿ ಸಂಜೆ ಸಂಜೆ ನನ್ನ ಅಭ್ಯಾಸ ನಡೆಯಿತು. ಗಾಳ ಕಟ್ಟಲು ನನ್ನಿಂದಾಗುವುದಿಲ್ಲ, ಮಮ್ಮಿಯೇ ಕಟ್ಟಿದಳು. ಆಪರೇಷನ್ ಥಿಯೇಟರಿನಲ್ಲಿ ಹೊಲಿಗೆಯ ದಾರ ನೋಡಿದವಳಿಗೆ ಅದು ಯಾವ ಲೆಕ್ಕ. ಬೆವರು ಒರೆಸಿಕೊಳ್ಳುತ್ತಾ ಇಬ್ಬರೂ ಜಗಳಾಡಿದೆವು. ಮೀನು ಒಂದೂ ಬೀಳಲಿಲ್ಲ.

ಜಾರ್ಜಿಯಾದಲ್ಲೂ ಮೊದಲ ಎರಡು ದಿನ ಅದೇ ಕಥೆ. ಈ ಟ್ರೌಟ್ ನಮ್ಮ ಬಂಗುಡೆಯಂತಲ್ಲ. ಗುಡ್ಡದ ತಣ್ಣೀರಿನ ಮೀನು, ಮೈತುಂಬ ಕೆಂಪು ಚುಕ್ಕೆ, ಮಹಾ ಗುಮಾನಿಯ ಜಾತಿ. ನೀರು ಎಷ್ಟು ತಿಳಿಯೆಂದರೆ ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. ನಾನೂ ಜೆರೋಮನೂ ಕಡಲ ಬದಿಯವರು, ಎಷ್ಟು ಸಲ ಬಂದರೂ ಬುದ್ಧಿ ಕಲಿಯದವರು. ದಡದಲ್ಲಿ ಎದೆಯೆತ್ತಿ ನಿಂತು, ಬೊಬ್ಬೆ ಹಾಕಿ ಮಾತಾಡುತ್ತಾ, ಆದಷ್ಟು ದೂರಕ್ಕೆ ಗಾಳ ಬೀಸಿದರೇ ಮೀನುಗಾರಿಕೆ ಎಂದು ತಿಳಿದವರು. ಜೆರೋಮ್ ಬೀಸಿ ಬೀಸಿ ಭುಜ ನೋಯಿಸಿಕೊಂಡ. ಶ್ಯಾಮಸುಂದರ್ ಅವರಿಗೆ ಕ್ಷಮೆ ಕೇಳಲೂ ಒಂದು ಮೀನು ಸಿಗಲಿಲ್ಲ.

ಕೊನೆಯ ದಿನ ನನಗೆ ಬೀಸುವ ತ್ರಾಣವೂ ಇರಲಿಲ್ಲ. ದೊಡ್ಡ ಬಂಡೆಯೊಂದರ ಹಿಂದೆ ಬಗ್ಗಿ ಕೂತು, ಬಂಡೆಯ ಬುಡದ ನಿಂತ ನೀರಿಗೆ ಗಾಳ ಸುಮ್ಮನೆ ಇಳಿಬಿಟ್ಟೆ. ದಾರದ ತುದಿಯಲ್ಲಿ ಹಿತ್ತಾಳೆಯ ಸಣ್ಣ ತಗಡು, ಮೀನಿನ ಮರಿ ಎಂದು ಮೋಸಮಾಡಲು. ಕೈ ಎಂದಿನಂತೆ ನಡುಗಿತು, ಕೋಲು ನಡುಗಿತು, ದಾರ ನಡುಗಿತು. ಕೆಳಗೆ ಆ ತಗಡು ಜೀವ ಬಂದಂತೆ ಒದ್ದಾಡತೊಡಗಿತು. ನಾನೇ ಬೆರಗಾಗಿ ನೋಡುತ್ತಿದ್ದೆ. ಬಂಡೆಯ ನೆರಳಿನಿಂದ ಕಪ್ಪಗೆ ಏನೋ ಬಂತು, ನೋಡಿತು, ನುಂಗಿತು.

ಆಮೇಲಿನದು ಗಲಾಟೆ. ಜೆರೋಮ್ ಓಡಿ ಬಂದು ಕೋಲಿಗೆ ಕೈಹಾಕಲು ನೋಡಿದ. ನನ್ನ ಬಾಯಿಂದ ಶುಐಬಾದ ವರ್ಕ್‌ಶಾಪಿನ ಬೈಗುಳವೊಂದು ಬಂತು, ಅದನ್ನು ಮಮ್ಮಿ ಬರೆಯುವುದಿಲ್ಲ. ಅವನು ಹಿಂದೆ ಸರಿದ. ನಾನೇ ಎಳೆದೆ, ನಾನೇ ಬಿಟ್ಟೆ, ಮತ್ತೆ ಎಳೆದೆ. ಮಮ್ಮಿ ಸೊಂಟದವರೆಗೆ ನೀರಿಗಿಳಿದು ಬಲೆ ಒಡ್ಡಿದಳು. ಮೀನು ಹುಲ್ಲಿನ ಮೇಲೆ ಬಿದ್ದಾಗ ಅದೂ ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. ಇಷ್ಟು ಸಂತೋಷ ನನಗೆ ನೀನು ಹುಟ್ಟಿದ ದಿನ ಆಗಿತ್ತು.

ಶ್ಯಾಮಸುಂದರ್ ಹತ್ತಿರ ಬಂದು ನನ್ನ ಕೈಯನ್ನೇ ನೋಡಿದರು. ಎರಡು ವರ್ಷದಲ್ಲಿ ಅದನ್ನು ನೇರವಾಗಿ ನೋಡಿದ ಮೊದಲನೆಯವರು ಅವರು. "ಸಾರ್, ಈ ನಡುಕ ನಮಗೂ ಸ್ವಲ್ಪ ಕಲಿಸ್ಕೊಡಿ" ಅಂದರು. ತಮಾಷೆಗಲ್ಲ. ಮಧ್ಯಾಹ್ನವಿಡೀ ಅವರೂ ಜೆರೋಮನೂ ಬಂಡೆಯ ಹಿಂದೆ ಕೂತು ಬೇಕೆಂದೇ ಕೈ ನಡುಗಿಸಿದರು. ಜೆರೋಮನನ್ನು ನೋಡಿದರೆ ಮಲೇರಿಯಾ ಹಿಡಿದವನ ಹಾಗಿದ್ದ. ಒಂದು ಮರಿಯೂ ಮೋಸಹೋಗಲಿಲ್ಲ. ನನಗೆ ಇನ್ನೂ ಎರಡು ಸಿಕ್ಕವು.

ಆ ಸಂಜೆ ನಾವು ಉಳಿದಿದ್ದ ಮನೆಯ ಮುದುಕಿ ಮೀನು ಹುರಿದಳು, ಶ್ಯಾಮಸುಂದರ್ ಅವರಿಗೆ ಬೇರೆ ಬಾಣಲೆಯಲ್ಲಿ ಬದನೆ. ಆ ಕಡೆಯವರು ಟೋಸ್ಟ್ ಹೇಳದೆ ದ್ರಾಕ್ಷಾರಸ ಮುಟ್ಟುವುದಿಲ್ಲ. ಮೀನು ಹಿಡಿದವನೇ ಹೇಳಬೇಕು ಎಂದು ಅವಳು ಸನ್ನೆ ಮಾಡಿ, ನನ್ನ ಗ್ಲಾಸನ್ನು ಅಂಚಿನವರೆಗೆ ತುಂಬಿದಳು. ಎದ್ದು ನಿಂತೆ. ಕೈ ನಡುಗಿತು, ಮೇಜಿನ ಬಿಳಿ ಬಟ್ಟೆಯ ಮೇಲೆ ಕೆಂಪಗೆ ಚೆಲ್ಲಿತು. ಯಾರೂ ಕಿಟಕಿಯ ಹೊರಗೆ ನೋಡಲಿಲ್ಲ. ಮಮ್ಮಿಯ ಕೈ ಸಹಾಯಕ್ಕೆಂದು ಮೇಲೆದ್ದಿತು, ಆಮೇಲೆ ತಾನಾಗಿ ಕೆಳಗಿಳಿಯಿತು. ನಾನು ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದೆ, ಉಳಿದದ್ದನ್ನು ಕುಡಿದೆ. ಮುದುಕಿ ಮತ್ತೆ ಅಂಚಿನವರೆಗೆ ತುಂಬಿದಳು.

ವಾಪಸು ಬಂದ ಮೇಲೆ ಕ್ಯಾಂಟೀನಿನಲ್ಲಿ ಅರ್ಧ ಚಹಾ ಖಲಾಸ್ ಎಂದು ಹೇಳಿದ್ದೇನೆ. ಈಗ ಸಾಸರಿಗೆ ಸ್ವಲ್ಪ ಚೆಲ್ಲುತ್ತದೆ, ಅದನ್ನೂ ಕುಡಿಯುತ್ತೇನೆ.

ಮಮ್ಮಿಗೆ ಬೆರಳು ನೋಯುತ್ತಿದೆಯಂತೆ, ಮೀನಿನ ಕಥೆ ಸಾಕಂತೆ. ಗೌನಿನ ಅಳತೆ ಕೊಡಲು ಉಪವಾಸ ಮಾಡಿ ಹೋಗಬೇಡ ಎಂದು ಹೇಳಲು ಹೇಳಿದಳು. ನೀವಿಬ್ಬರೂ ಚೆನ್ನಾಗಿ ಬಾಳಿ, ನಿಮ್ಮ ಮನೆಯಲ್ಲಿ ಯಾವತ್ತೂ ನಗು ಇರಲಿ, ದೇವರು ನಿಮ್ಮ ಜತೆಗಿರಲಿ.

ನಿನ್ನ ಪ್ರೀತಿಯ ಪಪ್ಪ,
ಕಜೆಟನ್

ಮರೆತ ಮಾತು: ಮಮ್ಮಿ ಅಡುಗೆಮನೆಗೆ ಹೋಗಿದ್ದಾಳೆ. ಈ ಸೊಟ್ಟ ಅಕ್ಷರ ನನ್ನದೇ, ನಿಧಾನವಾಗಿ ಓದು. ಜೋಯಲನ ಮದುವೆಯಲ್ಲಿ ನಾನು ವೇದಿಕೆಯ ಮೇಲೆ ಗ್ಲಾಸು ಹಿಡಿದು ನಿಂತಿದ್ದೆ. ನೀನು ಬಂದು, "ಪಪ್ಪಾ, ವಿಡಿಯೋದಲ್ಲಿ ಕಾಣ್ತದೆ, ಇಲ್ಲಿ ಕೊಡಿ" ಎಂದು ಮೆಲ್ಲಗೆ ತೆಗೆದುಕೊಂಡೆ. ಪ್ರೀತಿಯಿಂದಲೇ ತೆಗೆದುಕೊಂಡೆ, ನನಗೆ ಗೊತ್ತು. ಆದರೆ ಎಲ್ಲರೂ ಗ್ಲಾಸು ಎತ್ತಿದಾಗ ನನ್ನ ಮಗನಿಗಾಗಿ ಎತ್ತಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆ ದಿನದಿಂದ ಈ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದೆ. ಡ್ಯಾನಿಯಲ್‌ಗೆ ಹೇಳಬೇಡ. ಜನವರಿಯಲ್ಲಿ ನಿನ್ನ ಟೋಸ್ಟ್ ನಾನೇ ಎತ್ತುತ್ತೇನೆ. ಗ್ಲಾಸು ಪೂರ್ತಿ ತುಂಬಿಸು. ನಿನ್ನ ಬಿಳಿ ಗೌನಿನಿಂದ ಸ್ವಲ್ಪ ದೂರವೇ ನಿಲ್ಲುತ್ತೇನೆ, ಚೆಲ್ಲಿದರೆ ನನ್ನ ಕೋಟಿನ ಮೇಲೆ ಚೆಲ್ಲಲಿ.